ಪ್ರತಿ ವರ್ಷ ಫ್ಲೂ ಶಾಟ್ ಹಾಕಿಸಿದರೆ ರಕ್ಷಣೆ ಕಮ್ಮಿಯಾಗುತ್ತಾ? ಈ ವರ್ಷ ಬಿಡಬಹುದಾ?

ನೋವೈ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವಿರುವುದು ಮಿಷಿಗನ್‌ನ ನೋವೈಯಲ್ಲಿ. ನಾನು, ಯಜಮಾನರು, ಎಂಟು ವರ್ಷದ ಮಗಳು, ಮೂರು ವರ್ಷದ ಮಗ. ಮುಂದಿನ ತಿಂಗಳು ಮೈಸೂರಿನಿಂದ ಅತ್ತೆ ಮಾವ ಬರುತ್ತಿದ್ದಾರೆ, ಚಳಿಗಾಲ ಪೂರ್ತಿ ಇಲ್ಲೇ ಇರುತ್ತಾರೆ. ಮಾವನಿಗೆ 72, ಶುಗರ್ ಇದೆ.

ಹೋದ ವರ್ಷ ನಾವು ನಾಲ್ಕೂ ಜನ ಲಸಿಕೆ ಹಾಕಿಸಿಕೊಂಡಿದ್ದೆವು. ಅದರ ಹಿಂದಿನ ವರ್ಷವೂ ಹಾಕಿಸಿದ್ದೆವು. ಆದರೂ ಫೆಬ್ರವರಿಯಲ್ಲಿ ಮಗಳು ಸ್ಕೂಲಿನಿಂದ ಫ್ಲೂ ತಂದಳು. ಕ್ಲಿನಿಕ್‌ನಲ್ಲಿ ಮೂಗಿಗೆ ಕಡ್ಡಿ ಹಾಕಿ ಟೆಸ್ಟ್ ಮಾಡಿ ಇನ್‌ಫ್ಲುಯೆಂಜಾ ಎ ಅಂದರು. ಅವಳ ಜ್ವರ ಇಳಿಯುವಷ್ಟರಲ್ಲಿ ಮಗನಿಗೆ, ಆಮೇಲೆ ನನಗೆ. ಯಜಮಾನರು ಬೇಸ್‌ಮೆಂಟ್‌ನಲ್ಲಿ ಮಲಗಿ ಬಚಾವಾದರು. ಮಗ ರಾತ್ರಿಯೆಲ್ಲಾ ನನ್ನ ಭುಜದ ಮೇಲೇ ಇದ್ದ. ಕೆಳಗಿಳಿಸಿದರೆ ಅಳು. ನನಗೂ ಮೈಯೆಲ್ಲಾ ನೋವು, ಕೈ ಎತ್ತಲು ಆಗುತ್ತಿರಲಿಲ್ಲ.

ಮೊನ್ನೆ ಗಣಪತಿ ಹಬ್ಬದ ಊಟದಲ್ಲಿ ಸ್ನೇಹಿತರೊಬ್ಬರು ಹೇಳಿದರು: "ಇಲ್ಲೇ ಆನ್ ಆರ್ಬರ್‌ನಲ್ಲಿ ಕುಟುಂಬಗಳ ಮೇಲೆ ಅಧ್ಯಯನ ಮಾಡಿದ್ದಾರೆ. ಪ್ರತಿ ವರ್ಷ ಹಾಕಿಸಿಕೊಳ್ಳುವವರಿಗೆ ಲಸಿಕೆ ಕೆಲಸವೇ ಮಾಡುವುದಿಲ್ಲ. ಒಂದು ವರ್ಷ ಬಿಟ್ಟು ಹಾಕಿಸಿ." ಇದು ನಿಜವಾ? ಅತ್ತೆ ಮಾವ ಬರುವ ವರ್ಷವೇ ಬಿಡುವುದಕ್ಕೆ ಭಯ. ಪ್ರಯೋಜನ ಇಲ್ಲ ಅಂತಾದರೆ ಮಕ್ಕಳಿಗೆ ಸುಮ್ನೆ ಯಾಕೆ ಚುಚ್ಚಿಸಬೇಕು ಅಂತಲೂ ಅನಿಸುತ್ತಿದೆ.

ಕ್ಯಾಂಟನ್ ರಾಘು

ಮೇಡಂ, ನಿಮ್ಮ ಸ್ನೇಹಿತರು ಗಾಳಿಸುದ್ದಿ ಹೇಳಿಲ್ಲ. ಆ ಅಧ್ಯಯನದ ಹೆಸರು ಹೈವ್. ಮಿಷಿಗನ್ ವಿಶ್ವವಿದ್ಯಾಲಯದವರದ್ದು. 2010-11ರ ಚಳಿಗಾಲದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. 328 ಮನೆ, 1,441 ಜನ. ಒಟ್ಟಾರೆ ಲಸಿಕೆಯ ಪರಿಣಾಮ ಬರೀ 31%, ಅಂದರೆ ಹಾಕಿಸದವರಿಗೆ ಹೋಲಿಸಿದರೆ ಫ್ಲೂ ಬರುವುದು ಅಷ್ಟು ಕಡಿಮೆ. ಹಿಂದಿನ ವರ್ಷ ಹಾಕಿಸದೆ ಆ ವರ್ಷ ಮಾತ್ರ ಹಾಕಿಸಿಕೊಂಡವರಿಗೆ 62%. ಎರಡೂ ವರ್ಷ ಹಾಕಿಸಿಕೊಂಡವರಿಗೆ ಸೊನ್ನೆಗಿಂತ ಕೆಳಗೆ, ಮೈನಸ್ 45%.

ನಾನು ಲಸಿಕೆ ವಿರೋಧಿ ಅಲ್ಲ. ನನ್ನ ಮಕ್ಕಳಿಗೆ ದಡಾರ, ಪೋಲಿಯೊ ಎಲ್ಲಾ ಹಾಕಿಸಿದ್ದೇನೆ. ಆದರೆ ಈ ಅಂಕಿ ನೋಡಿದ ಮೇಲೆ ಫ್ಲೂ ಶಾಟ್ ಮಾತ್ರ ವರ್ಷ ಬಿಟ್ಟು ವರ್ಷ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಸುಮಾ, ವೈರಾಲಜಿ ಲ್ಯಾಬ್

ರಾಘು ಅವರೇ, ನೀವು ಕೊಟ್ಟ ಅಂಕಿಗಳು ಸರಿಯಾಗಿವೆ. ಅವುಗಳ ಹಿಂದೆ ಏನಿದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಇದೇ ಕ್ಷೇತ್ರದಲ್ಲಿ ಕೆಲಸ ಮಾಡುವವಳು. ಈ ಪ್ರಶ್ನೆ ನಮ್ಮಲ್ಲೂ ಮುಗಿದಿಲ್ಲ.

ಹೈವ್‌ಗೆ ಕುಟುಂಬಗಳನ್ನು ಆರಿಸಿದ್ದು ಹೀಗೆ: ಮನೆಯಲ್ಲಿ ಕನಿಷ್ಠ ನಾಲ್ಕು ಜನ ಇರಬೇಕು, ಅದರಲ್ಲಿ ಇಬ್ಬರಾದರೂ 18ರೊಳಗಿನ ಮಕ್ಕಳಿರಬೇಕು. ಅಂದರೆ ನೋವೈ ಅಮ್ಮನಂಥ ಮನೆಗಳೇ. ಯಾರಿಗಾದರೂ ಕೆಮ್ಮು, ಜ್ವರ ಬಂದರೆ ತಿಳಿಸಬೇಕು, ಸ್ವಾಬ್ ತೆಗೆದು ಪರೀಕ್ಷೆ ಮಾಡುತ್ತಾರೆ. ಆಸ್ಪತ್ರೆಗೆ ಬಂದವರನ್ನು ಮಾತ್ರ ಎಣಿಸಿದರೆ ಮನೆಯಲ್ಲೇ ಮಲಗಿ ಗುಣವಾದವರು ಲೆಕ್ಕಕ್ಕೆ ಸಿಗುವುದಿಲ್ಲ. ಇಲ್ಲಿ ಅವರೂ ಸಿಕ್ಕರು. ಅದು ಈ ಅಧ್ಯಯನದ ದೊಡ್ಡ ಗುಣ.

ಆ ಚಳಿಗಾಲದಲ್ಲಿ ಫ್ಲೂ ಖಚಿತವಾಗಿದ್ದು 125 ಜನರಲ್ಲಿ. ಆ 125ನ್ನು ಲಸಿಕೆ ಹಾಕಿಸಿದವರು, ಹಾಕಿಸದವರು, ಹಿಂದಿನ ವರ್ಷ ಹಾಕಿಸಿದವರು, ಎರಡೂ ವರ್ಷ ಹಾಕಿಸಿದವರು ಅಂತ ಹಂಚಿದರೆ ಒಂದೊಂದು ಗುಂಪಿಗೆ ಎಷ್ಟು ಜನ ಉಳಿಯುತ್ತಾರೆ ಯೋಚಿಸಿ. ಅದಕ್ಕೇ ಮೈನಸ್ 45ರ ಅಂದಾಜಿನ ವ್ಯಾಪ್ತಿ, ಅಂದರೆ ನಿಜವಾದ ಅಂಕಿ ಇರಬಹುದಾದ ಮಿತಿ, ಭಯಂಕರ ಅಗಲ: ಕೆಳಗೆ ಮೈನಸ್ 226, ಮೇಲೆ ಪ್ಲಸ್ 35. ಸೊನ್ನೆ ಅದರೊಳಗೇ ಬರುತ್ತದೆ. ಹಾಗಾಗಿ ಎರಡೂ ವರ್ಷ ಹಾಕಿಸಿದವರಿಗೆ ಲಸಿಕೆಯಿಂದ ಹಾನಿಯಾಯಿತು ಅಂತ ಇದರಿಂದ ಹೇಳಲು ಬರುವುದಿಲ್ಲ. ಅವರಲ್ಲಿ ಪರಿಣಾಮ ಕಡಿಮೆ ಕಂಡಿತು ಅಂತ ಹೇಳಬಹುದು. ಅದನ್ನು ಅಧ್ಯಯನ ಮಾಡಿದವರೂ ಮುಚ್ಚಿಡಲಿಲ್ಲ, ನೇರವಾಗಿ ಬರೆದರು. ನಾನೂ ಮುಚ್ಚಿಡುವುದಿಲ್ಲ.

ಅದೇ ತಂಡ ಅದೇ ಊರಿನ ಕುಟುಂಬಗಳಲ್ಲಿ ಮುಂದಿನ ವರ್ಷಗಳಲ್ಲೂ ಲೆಕ್ಕ ಹಾಕುತ್ತಾ ಹೋಯಿತು. 2013-14ರಲ್ಲಿ ಎಚ್1ಎನ್1 (ಇನ್‌ಫ್ಲುಯೆಂಜಾ ಎ ವೈರಸ್‌ನ ಒಂದು ಬಗೆ) ಜಾಸ್ತಿ ಹರಡಿದಾಗ ಲಸಿಕೆ ಚೆನ್ನಾಗಿಯೇ ಕೆಲಸ ಮಾಡಿತು. ಒಂದು ವರ್ಷದ ಅಂಕಿಯನ್ನು ಎಲ್ಲಾ ವರ್ಷಕ್ಕೂ ಅಂಟಿಸಬೇಡಿ ಅನ್ನುವುದು ಇದಕ್ಕೇ.

ಹಾರ್ಶಮ್ ಭಟ್

ಇದು ಹೊಸ ಪ್ರಶ್ನೆ ಅಲ್ಲ. ನಾನಿರುವ ಇಂಗ್ಲೆಂಡಿನ ಸಸೆಕ್ಸ್‌ನಲ್ಲೇ ಇದು ಮೊದಲು ದೊಡ್ಡದಾಗಿ ಎದ್ದಿದ್ದು. ನಮ್ಮ ಊರಿನ ಹತ್ತಿರ ಕ್ರೈಸ್ಟ್ಸ್ ಹಾಸ್ಪಿಟಲ್ ಅಂತ ಒಂದು ಸಂಸ್ಥೆ ಇದೆ. ಹೆಸರು ಆಸ್ಪತ್ರೆಯದ್ದು, ಆದರೆ ಅದು ಹಳೆಯ ವಸತಿ ಶಾಲೆ. 1970ರ ದಶಕದಲ್ಲಿ ಅಲ್ಲಿನ ಹುಡುಗರಿಗೆ ಫ್ಲೂ ಲಸಿಕೆ ಕೊಟ್ಟು, ಮೂರು ಬಾರಿ ಫ್ಲೂ ಎದ್ದಾಗಲೂ ಯಾರಿಗೆ ಬಂತು ಅಂತ ಲೆಕ್ಕ ಇಟ್ಟರು. ಮೊದಲ ಸಲ ಲಸಿಕೆ ಪಡೆದ ಹುಡುಗರಿಗೆ ರಕ್ಷಣೆ ಕಂಡಿತು. ಆದರೆ ಮೂರೂ ಬಾರಿಯದ್ದನ್ನು ಕೂಡಿಸಿದಾಗ, ವರ್ಷವೂ ಹಾಕಿಸಿಕೊಂಡವರಿಗೂ ಹಾಕಿಸಿಕೊಳ್ಳದವರಿಗೂ ಹೆಚ್ಚು ವ್ಯತ್ಯಾಸವೇ ಉಳಿಯಲಿಲ್ಲ. 1979ರಲ್ಲಿ ಇದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು.

ಆಮೇಲೆ ಅಮೆರಿಕದ ಹ್ಯೂಸ್ಟನ್‌ನಲ್ಲಿ 1983ರಿಂದ ಐದು ವರ್ಷ ದೊಡ್ಡವರ ಮೇಲೆ ಪ್ರಯೋಗ ಮಾಡಿದರು. ಅಲ್ಲಿ ವರ್ಷವೂ ಹಾಕಿಸಿಕೊಂಡವರ ರಕ್ಷಣೆ ಕುಗ್ಗಿದ್ದು ಕಾಣಲಿಲ್ಲ. ಒಂದು ಕಡೆ ಹೌದು, ಇನ್ನೊಂದು ಕಡೆ ಇಲ್ಲ. ಸುಮಾ ಅವರೇ, ಹೀಗೆ ಯಾಕೆ ಅಂತ ನೀವು ವಿವರಿಸಿದರೆ ಒಳ್ಳೆಯದು.

ಸುಮಾ, ವೈರಾಲಜಿ ಲ್ಯಾಬ್

ಭಟ್ ಸರ್, ಆ ಎರಡು ಫಲಿತಾಂಶಗಳನ್ನೂ ಒಟ್ಟಿಗೆ ವಿವರಿಸುವ ಒಂದು ಯೋಚನೆಯನ್ನು 1999ರಲ್ಲಿ ಡೆರೆಕ್ ಸ್ಮಿತ್ ಮತ್ತು ಜೊತೆಗಾರರು ಮುಂದಿಟ್ಟರು. ಹೋದ ವರ್ಷದ ಲಸಿಕೆಗೂ ಈ ವರ್ಷದ ಲಸಿಕೆಗೂ ಎಷ್ಟು ಹೋಲಿಕೆ ಇದೆ, ಊರಲ್ಲಿ ಹರಡುವ ವೈರಸ್‌ಗೂ ಇವೆರಡಕ್ಕೂ ಎಷ್ಟು ಹೋಲಿಕೆ ಇದೆ ಅನ್ನುವುದರ ಮೇಲೆ ಫಲಿತಾಂಶ ನಿಲ್ಲುತ್ತದೆ ಅಂತ.

ಹೋದ ವರ್ಷದ ಆಂಟಿಬಾಡಿ, ಅಂದರೆ ವೈರಸ್ ವಿರುದ್ಧ ದೇಹ ತಯಾರಿಸುವ ರಕ್ಷಕ ಪ್ರೋಟೀನ್, ನಮ್ಮ ರಕ್ತದಲ್ಲಿ ಇನ್ನೂ ಇರುತ್ತದೆ. ಈ ವರ್ಷದ ಲಸಿಕೆಯೂ ಹೆಚ್ಚುಕಮ್ಮಿ ಅದೇ ಆಗಿದ್ದರೆ, ಗೇಟಿನಲ್ಲಿರುವ ಹಳೇ ವಾಚ್‌ಮನ್ ಗುರುತು ಹಿಡಿದು ಅಲ್ಲೇ ತಡೆದ ಹಾಗೆ, ಹಳೇ ಆಂಟಿಬಾಡಿಗಳು ಲಸಿಕೆಯನ್ನು ಬೇಗ ಮುಗಿಸಿಬಿಡುತ್ತವೆ. ದೇಹಕ್ಕೆ ಹೊಸದಾಗಿ ಕಲಿಯುವ ಅವಕಾಶ ಕಡಿಮೆ. ಹರಡುವ ವೈರಸ್ ಕೂಡ ಅದೇ ಆಗಿದ್ದರೆ ಚಿಂತೆ ಇಲ್ಲ, ಹಳೆಯದೇ ಸಾಕು. ತೊಂದರೆ ಆಗುವುದು ವೈರಸ್ ಮಾತ್ರ ಬದಲಾಗಿ ಲಸಿಕೆ ಹಾಗೇ ಉಳಿದಾಗ.

2014-15 ಇದಕ್ಕೆ ಸರಿಯಾದ ಉದಾಹರಣೆ. ಆ ವರ್ಷದ ಲಸಿಕೆಯ ಎಚ್3ಎನ್2 (ಎ ವೈರಸ್‌ನ ಇನ್ನೊಂದು ಬಗೆ) ಭಾಗ ಹಿಂದಿನ ವರ್ಷದ್ದೇ, ಟೆಕ್ಸಾಸ್ 2012ರ ತಳಿ. ಹರಡಿದ ವೈರಸ್ ಅಷ್ಟರಲ್ಲಿ ಬೇರೆ ದಾರಿ ಹಿಡಿದಿತ್ತು. ಅಮೆರಿಕದಲ್ಲಿ ಲಸಿಕೆಯ ಒಟ್ಟು ಪರಿಣಾಮ 19%ಕ್ಕೆ ಬಿತ್ತು. ಕೆನಡಾದಲ್ಲಿ ಸತತವಾಗಿ ಹಾಕಿಸಿಕೊಂಡವರಲ್ಲಿ ಇನ್ನೂ ಕೆಟ್ಟ ಫಲಿತಾಂಶ ಬಂತು.

ಇನ್ನೊಂದು ಕಾರಣವೂ ಇದೆ, ಇದನ್ನು ಜನ ಮರೆಯುತ್ತಾರೆ. ಹೋದ ವರ್ಷ ಲಸಿಕೆ ಬಿಟ್ಟವರಲ್ಲಿ ಒಂದಷ್ಟು ಜನಕ್ಕೆ ಫ್ಲೂ ಬಂದೇ ಬಂದಿರುತ್ತದೆ. ಆ ಸೋಂಕಿನಿಂದ ಅವರಿಗೆ ಈ ವರ್ಷ ರಕ್ಷಣೆ ಇರುತ್ತದೆ. ಲೆಕ್ಕದಲ್ಲಿ ಮಾತ್ರ ಅದೂ ಈ ವರ್ಷದ ಲಸಿಕೆಯ ಖಾತೆಗೇ ಜಮಾ ಆಗುತ್ತದೆ. "ಈ ವರ್ಷ ಮಾತ್ರ ಹಾಕಿಸಿದವರು" ಚೆನ್ನಾಗಿ ಕಾಣಲು ಇದೂ ಒಂದು ಕಾರಣ ಇರಬಹುದು. ಅಂದರೆ ಅವರು ಹೋದ ವರ್ಷ ಜ್ವರದಲ್ಲಿ ಮಲಗಿ ಅದಕ್ಕೆ ಬೆಲೆ ಕೊಟ್ಟಿದ್ದಾರೆ.

ಜಯನಗರದ ಅಪ್ಪ

ನಾನು ಬೆಂಗಳೂರಿನಿಂದ ಓದುತ್ತಿದ್ದೇನೆ. ಇಲ್ಲಿ ಫ್ಲೂ ಲಸಿಕೆ ಸರ್ಕಾರದ ಉಚಿತ ಪಟ್ಟಿಯಲ್ಲಿ ಇಲ್ಲ. ನಮ್ಮ ಏರಿಯಾದಲ್ಲಿ ಒಂದು ಡೋಸ್‌ಗೆ ಎರಡು ಸಾವಿರದ ಹತ್ತಿರ ಆಗುತ್ತದೆ. ಮನೆ ಮಂದಿಗೆಲ್ಲಾ ಪ್ರತಿ ವರ್ಷ ಹಾಕಿಸುವುದು ಸಣ್ಣ ಮಾತಲ್ಲ. ಮಕ್ಕಳ ಡಾಕ್ಟರ್ ಐದು ವರ್ಷದೊಳಗಿನ ಮಗುವಿಗೆ ವರ್ಷವೂ ಬೇಕೇ ಬೇಕು ಅನ್ನುತ್ತಾರೆ. ಭಾರತದ ಮಕ್ಕಳ ವೈದ್ಯರ ಸಂಘ ಐಎಪಿ ಹೇಳುವುದೂ ಅದನ್ನೇ. ನಮ್ಮ ಅಮ್ಮನಿಗೆ ಆಸ್ತಮಾ ಇದೆ. ಎಲ್ಲರಿಗೂ ಆಗದಿದ್ದರೆ ಯಾರಿಗೆ ಮೊದಲು?

ಟ್ರಾಯ್ ಶೈಲಾ, ನರ್ಸ್

ಅಣ್ಣ, ನಿಮ್ಮ ಮಗುವಿಗೆ ಮತ್ತು ಅಮ್ಮನಿಗೆ ಮೊದಲು. ಮನೆಯಲ್ಲಿ ಯಾರಾದರೂ ಗರ್ಭಿಣಿ ಇದ್ದರೆ ಅವರಿಗೂ. ಆರು ತಿಂಗಳು ತುಂಬುವವರೆಗೆ ಮಗುವಿಗೆ ಈ ಲಸಿಕೆ ಕೊಡುವಂತಿಲ್ಲ. ಅಲ್ಲಿಯವರೆಗೆ ಅದಕ್ಕೆ ಸಿಗುವ ರಕ್ಷಣೆ ತಾಯಿ ಹಾಕಿಸಿಕೊಂಡ ಲಸಿಕೆಯಿಂದಲೇ. ಬೆಂಗಳೂರಿನಲ್ಲಿ ಫ್ಲೂ ಜೋರಾಗುವುದು ಮಳೆಗಾಲದಲ್ಲಿ, ಆದ್ದರಿಂದ ಮಳೆಗೆ ಮೊದಲೇ ಹಾಕಿಸಿದರೆ ಒಳ್ಳೆಯದು. ಒಂಬತ್ತು ವರ್ಷದೊಳಗಿನ ಮಗುವಿಗೆ ಇದೇ ಮೊದಲ ಸಲವಾದರೆ ನಾಲ್ಕು ವಾರ ಬಿಟ್ಟು ಎರಡನೇ ಡೋಸ್ ಇರುತ್ತದೆ. ಬಹಳ ಜನ ಆ ಎರಡನೆಯದನ್ನು ಮರೆತುಬಿಡುತ್ತಾರೆ. ದಯವಿಟ್ಟು ಮರೆಯಬೇಡಿ.

ನೋವೈ ಅಮ್ಮ, ಅತ್ತೆ ಮಾವ ಮೈಸೂರಿನಲ್ಲಿ ಲಸಿಕೆ ಹಾಕಿಸಿಕೊಂಡಿದ್ದಾರಾ?

ನೋವೈ ಅಮ್ಮ

ಹೌದು ಶೈಲಾ, ಮಾವನಿಗೆ ಜೂನ್‌ನಲ್ಲಿ ಹಾಕಿಸಿದ್ದಾರೆ. ಅತ್ತೆ ಹಾಕಿಸಿಕೊಂಡಿಲ್ಲ, ಅವರಿಗೆ ಸೂಜಿ ಅಂದರೆ ಆಗುವುದಿಲ್ಲ.

ಇಲ್ಲಿಯವರೆಗೆ ಓದಿ ಅರ್ಥವಾಗಿದ್ದು: ಸತತವಾಗಿ ಹಾಕಿಸಿದರೆ ಕೆಲವು ವರ್ಷ ಪರಿಣಾಮ ಸ್ವಲ್ಪ ಕಡಿಮೆ ಆಗಬಹುದು. ಹಾಗಿದ್ದರೆ ರಾಘು ಅವರು ಹೇಳಿದ ಹಾಗೆ ವರ್ಷ ಬಿಟ್ಟು ವರ್ಷ ಸರಿ ಅಲ್ವಾ? ಎಲ್ಲಿ ತಪ್ಪುತ್ತಿದೆ ಈ ಲೆಕ್ಕ?

ಸುಮಾ, ವೈರಾಲಜಿ ಲ್ಯಾಬ್

ಇದೇ ಮುಖ್ಯ ಪ್ರಶ್ನೆ. ಲೆಕ್ಕ ಮಾಡಿಯೇ ನೋಡೋಣ.

2023ರಲ್ಲಿ ಮೆಲ್ಬರ್ನ್‌ನ ಸಂಶೋಧಕರ ತಂಡ ಆವರೆಗಿನ ಅಧ್ಯಯನಗಳನ್ನೆಲ್ಲಾ ಸೇರಿಸಿ ನೋಡಿತು. ಈ ವರ್ಷ ಮಾತ್ರ ಹಾಕಿಸಿದವರಿಗೆ ಹೋಲಿಸಿದರೆ ಎರಡೂ ವರ್ಷ ಹಾಕಿಸಿದವರಲ್ಲಿ ಪರಿಣಾಮ ಸರಾಸರಿ ಎಚ್1ಎನ್1ಗೆ 9 ಶೇಕಡಾ ಅಂಶ (50% ಇದ್ದದ್ದು 41% ಆದ ಹಾಗೆ), ಎಚ್3ಎನ್2ಗೆ 18 ಅಂಶ, ಇನ್‌ಫ್ಲುಯೆಂಜಾ ಬಿ ವೈರಸ್‌ಗೆ 7 ಅಂಶ ಕಡಿಮೆ. ಈ ಸರಾಸರಿಗಳನ್ನೂ ಪೂರ್ತಿ ಗಟ್ಟಿ ಅಂದುಕೊಳ್ಳಬೇಡಿ ಅಂತ ಅವರೇ ಎಚ್ಚರಿಸಿದ್ದಾರೆ. ಆದರೆ ಎರಡೂ ವರ್ಷ ಹಾಕಿಸಿದವರ ಸ್ಥಿತಿ ಹಾಕಿಸದೇ ಇದ್ದವರಿಗಿಂತ ಚೆನ್ನಾಗಿತ್ತು.

ಈಗ ಒಂದು ಊಹೆಯ ಲೆಕ್ಕ. ಲಸಿಕೆ ಹಾಕಿಸದ ನೂರು ಜನರಲ್ಲಿ 10 ಜನಕ್ಕೆ ಫ್ಲೂ ಬರುತ್ತದೆ ಅಂತಿಟ್ಟುಕೊಳ್ಳಿ. ಲಸಿಕೆ 50% ಕೆಲಸ ಮಾಡಿದರೆ ಅದು 5ಕ್ಕೆ ಇಳಿಯುತ್ತದೆ. ಎಚ್1ಎನ್1 ವರ್ಷಗಳಲ್ಲಿ ಸತತವಾಗಿ ಹಾಕಿಸಿದವರಿಗೆ 50ರ ಬದಲು 41% ಅಂದರೆ ಸುಮಾರು 6 ಜನ. ಎಚ್3ಎನ್2 ವರ್ಷಗಳಲ್ಲಿ 32% ಅಂದರೆ ಸುಮಾರು 7 ಜನ.

ಎರಡು ವರ್ಷದ್ದು ಕೂಡಿಸಿ. ಒಂದು ವರ್ಷ ಬಿಟ್ಟು ಮುಂದಿನ ವರ್ಷ ಹಾಕಿಸಿದರೆ 10 ಮತ್ತು 5, ಒಟ್ಟು 15. ಎರಡೂ ವರ್ಷ ಹಾಕಿಸಿದರೆ ಎಚ್1ಎನ್1ನಲ್ಲಿ 12, ಎಚ್3ಎನ್2ನಲ್ಲಿ 14. ಬಿಡುವುದರಿಂದ ಗಳಿಸಿದ್ದು ಬಿಟ್ಟ ವರ್ಷದಲ್ಲೇ ಕೊಚ್ಚಿಹೋಗುತ್ತದೆ, ಮೇಲೆ ನಷ್ಟ ಬೇರೆ. ಎಚ್3ಎನ್2ನಲ್ಲಿ ಅಂತರ ತೀರಾ ಸಣ್ಣದು, ಅದನ್ನೂ ಒಪ್ಪುತ್ತೇನೆ. ಆದರೆ ಮುಂದಿನ ಚಳಿಗಾಲದಲ್ಲಿ ಯಾವುದು ಹರಡುತ್ತದೆ ಅಂತ ಸೆಪ್ಟೆಂಬರ್‌ನಲ್ಲಿ ಕೂತು ಯಾರೂ ಹೇಳಲಾಗದು. ವಿಶ್ವ ಆರೋಗ್ಯ ಸಂಸ್ಥೆ ಉತ್ತರ ಗೋಳಾರ್ಧದ ಲಸಿಕೆಗೆ ತಳಿ ಆರಿಸುವುದೇ ಫೆಬ್ರವರಿಯಲ್ಲಿ.

ನಿಮ್ಮ ಮನೆಯಲ್ಲಿ ಹೋದ ವರ್ಷದ ಶಾಟ್ ಆಗಲೇ ಆಗಿಹೋಗಿದೆ, ಅದನ್ನು ವಾಪಸ್ ತೆಗೆಯಲು ಆಗುವುದಿಲ್ಲ. ಈಗ ನಿಮ್ಮ ಮುಂದಿರುವುದು "ಈ ವರ್ಷ ಸ್ವಲ್ಪ ಕಡಿಮೆ ರಕ್ಷಣೆ" ಅಥವಾ "ಈ ವರ್ಷ ಲಸಿಕೆಯ ರಕ್ಷಣೆಯೇ ಇಲ್ಲ". ಆ 62% ನಿಮಗೆ ಈ ವರ್ಷ ಸಿಗುವ ಆಯ್ಕೆಯೇ ಅಲ್ಲ.

ಕ್ಯಾಂಟನ್ ರಾಘು

ಲೆಕ್ಕ ಅರ್ಥವಾಯಿತು ಸುಮಾ ಅವರೇ, ಧನ್ಯವಾದ. ಆದರೆ ಒಂದು ವಿಷಯ ಬಿಡಲಾರೆ. ಅದೇ ಹೈವ್ ವರದಿಯಲ್ಲಿ ಇನ್ನೊಂದು ಮಾತಿದೆ: ಫ್ಲೂ ಒಮ್ಮೆ ಮನೆಯೊಳಗೆ ಬಂದ ಮೇಲೆ ಒಬ್ಬರಿಂದೊಬ್ಬರಿಗೆ ಹರಡುವುದನ್ನು ಲಸಿಕೆ ತಡೆದಿದ್ದಕ್ಕೆ ಪುರಾವೆ ಸಿಗಲಿಲ್ಲ. ದೊಡ್ಡವರಿಗಂತೂ ಲಸಿಕೆ ಹಾಕಿಸಿಕೊಂಡಿದ್ದರೂ ಅಪಾಯ ಹೆಚ್ಚಿತ್ತು. "ಅಜ್ಜ ಅಜ್ಜಿಗೋಸ್ಕರ ಮಕ್ಕಳಿಗೆ ಹಾಕಿಸಿ" ಅಂತ ಎಲ್ಲರೂ ಹೇಳುತ್ತಾರೆ. ಮನೆಯೊಳಗೆ ತಡೆಯದಿದ್ದರೆ ಆ ಮಾತಿಗೆ ಏನು ಆಧಾರ?

ಕ್ಯಾಲ್ಗರಿ ಗಿರೀಶ

ರಾಘು, ಇದಕ್ಕೆ ನಮ್ಮ ಕಡೆಯ ಒಂದು ಅಧ್ಯಯನ ಉತ್ತರ ಕೊಡುತ್ತದೆ. ಪಶ್ಚಿಮ ಕೆನಡಾದಲ್ಲಿ ಹಟ್ಟರೈಟ್ ಅನ್ನುವ ಕ್ರೈಸ್ತ ಸಮುದಾಯ ಇದೆ. ಒಂದೊಂದು ಕಾಲೊನಿಯೂ ದೊಡ್ಡ ಕೂಡು ಕುಟುಂಬದ ಹಾಗೆ. ಹೊಲ, ಅಡುಗೆಮನೆ, ಊಟ ಎಲ್ಲಾ ಒಟ್ಟಿಗೆ. ಹೊರಗಿನವರ ಜೊತೆ ಒಡನಾಟ ಕಮ್ಮಿ. ಅಂಥ ಕಾಲೊನಿಗಳಲ್ಲಿ 2008-09ರ ಚಳಿಗಾಲದಲ್ಲಿ ಪ್ರಯೋಗ ನಡೆಯಿತು. ಕೆಲವು ಕಾಲೊನಿಯ 3ರಿಂದ 15 ವರ್ಷದ ಮಕ್ಕಳಿಗೆ ಫ್ಲೂ ಲಸಿಕೆ, ಉಳಿದ ಕಾಲೊನಿಯ ಮಕ್ಕಳಿಗೆ ಹೆಪಟೈಟಿಸ್ ಎ ಲಸಿಕೆ ಕೊಟ್ಟರು. ಆಮೇಲೆ ಲಸಿಕೆಯೇ ಸಿಗದ ಉಳಿದವರಲ್ಲಿ ಎಷ್ಟು ಜನಕ್ಕೆ ಫ್ಲೂ ಬಂತು ಅಂತ ನೋಡಿದರು. ಮಕ್ಕಳಿಗೆ ಫ್ಲೂ ಲಸಿಕೆ ಕೊಟ್ಟ ಕಾಲೊನಿಗಳಲ್ಲಿ ಅವರಿಗೆ 61% ರಕ್ಷಣೆ ಸಿಕ್ಕಿತ್ತು. 2010ರಲ್ಲಿ ಪ್ರಕಟವಾಯಿತು.

ನನ್ನ ತಿಳಿವಳಿಕೆ ಇಷ್ಟು: ಫ್ಲೂ ಬಂದ ಮಗುವನ್ನು ಎತ್ತಿಕೊಂಡು ರಾತ್ರಿ ಕಳೆಯುವ ತಾಯಿಯ ಮೇಲೆ ಬೀಳುವ ವೈರಸ್ ಹೊರೆ ಬಹಳ ಜಾಸ್ತಿ. ಅಲ್ಲಿ ಲಸಿಕೆ ಸೋಲಬಹುದು. ಆದರೆ ಮಗು ಸ್ಕೂಲಿನಿಂದ ತರದೇ ಇದ್ದರೆ ಆ ರಾತ್ರಿಯೇ ಬರುವುದಿಲ್ಲ. ಮಕ್ಕಳಿಗೆ ಹಾಕಿಸುವ ಲಾಭ ಬಾಗಿಲ ಹೊರಗೇ ಇದೆ.

ಸುಮಾ, ವೈರಾಲಜಿ ಲ್ಯಾಬ್

ಗಿರೀಶ್ ಹೇಳಿದ್ದನ್ನು ಒಪ್ಪುತ್ತೇನೆ. ಒಂದು ಸೇರಿಸುತ್ತೇನೆ: ಅಲ್ಲಿ ಮಕ್ಕಳಲ್ಲಿ ಹೆಚ್ಚಿನವರು ಒಟ್ಟಿಗೆ ಹಾಕಿಸಿಕೊಂಡಿದ್ದರು. ಒಂದೇ ಮನೆಯವರು ಹಾಕಿಸಿದರೆ ಅಷ್ಟು ದೊಡ್ಡ ಫಲ ಸಿಗಲಾರದು. ಅದಕ್ಕೇ ಅಜ್ಜ ಅಜ್ಜಿಗೆ ಅವರದ್ದೇ ಲಸಿಕೆಯೂ ಬೇಕು.

ಟ್ರಾಯ್ ಶೈಲಾ, ನರ್ಸ್

ನೋವೈ ಅಮ್ಮ, ಈಗ ನಿಮ್ಮ ಮಾವನ ವಿಷಯ. ಜೂನ್‌ನಲ್ಲಿ ಹಾಕಿಸಿದ್ದು ಮೈಸೂರಿನ ಮಳೆಗಾಲಕ್ಕೆ ಸರಿ. ಆದರೆ ತಿಂಗಳು ಕಳೆದಂತೆ ರಕ್ಷಣೆ ಇಳಿಯುತ್ತಾ ಹೋಗುತ್ತದೆ. ಇಲ್ಲಿ ಫ್ಲೂ ಜೋರಾಗುವುದು ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ. ಆದ್ದರಿಂದ ಇಲ್ಲಿಗೆ ಬಂದ ಮೇಲೆ ಈ ಸೀಸನ್‌ನದ್ದು ಹಾಕಿಸಿ. ಹಾಕಿಸುವ ಮೊದಲು ಜೂನ್‌ನ ಕಾರ್ಡ್ ಡಾಕ್ಟರ್‌ಗೆ ಅಥವಾ ಫಾರ್ಮಸಿಸ್ಟ್‌ಗೆ ತೋರಿಸಿ.

65 ದಾಟಿದವರಿಗೆ ಇಲ್ಲಿ ಬೇರೆ ಲಸಿಕೆಗಳಿವೆ: ಹೈ ಡೋಸ್, ಅಡ್ಜುವೆಂಟ್ (ದೇಹದ ಪ್ರತಿಕ್ರಿಯೆ ಹೆಚ್ಚಿಸುವ ಪದಾರ್ಥ) ಸೇರಿಸಿದ್ದು, ಮೊಟ್ಟೆ ಬಳಸದೆ ತಯಾರಿಸುವ ರೀಕಾಂಬಿನೆಂಟ್. 2022ರಿಂದ ಈ ಮೂರರಲ್ಲಿ ಒಂದನ್ನೇ ಮೊದಲು ಕೇಳಿ ಅಂತ ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತಿದೆ. ವಯಸ್ಸಾದ ದೇಹ ಮಾಮೂಲಿ ಡೋಸ್‌ಗೆ ಚುರುಕಾಗಿ ಸ್ಪಂದಿಸುವುದಿಲ್ಲ, ಅದಕ್ಕೆ. ವಿಸಿಟರ್ ಇನ್ಶೂರೆನ್ಸ್ ಸಾಮಾನ್ಯವಾಗಿ ಲಸಿಕೆಗೆ ದುಡ್ಡು ಕೊಡುವುದಿಲ್ಲ. ಹೋಗುವ ಮೊದಲು ಎರಡು ಮೂರು ಫಾರ್ಮಸಿಗೆ ಫೋನ್ ಮಾಡಿ ಬೆಲೆ ಕೇಳಿ. ಕೌಂಟಿ ಆರೋಗ್ಯ ಇಲಾಖೆಯಲ್ಲೂ ವಿಚಾರಿಸಿ.

ಮನೆಯಲ್ಲಿ ಯಾರಿಗಾದರೂ ಫ್ಲೂ ಬಂದೇ ಬಿಟ್ಟರೆ ಮಾವನ ಡಾಕ್ಟರ್‌ಗೆ ಅದೇ ದಿನ ಫೋನ್ ಮಾಡಿ. ಫ್ಲೂ ಔಷಧಿ ಟ್ಯಾಮಿಫ್ಲೂವನ್ನು ರೋಗ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಲಾಭ ಜಾಸ್ತಿ. ಮನೆಯಲ್ಲಿ ಫ್ಲೂ ಇದ್ದಾಗ ಅಪಾಯದಲ್ಲಿರುವವರಿಗೆ ರೋಗ ಬರುವ ಮುಂಚೆಯೇ ಕೊಡುವುದೂ ಇದೆ. ಇದನ್ನು ಕೇಳದೆ ಇರುವವರೇ ಜಾಸ್ತಿ.

ಕ್ಯಾಂಟನ್ ರಾಘು

ಒಂದೇ ಮಾತು ಹೇಳಿ ನಿಲ್ಲಿಸುತ್ತೇನೆ. ಮಕ್ಕಳಿಗೆ ಈ ವರ್ಷ ಹಾಕಿಸುತ್ತೇನೆ. ಆದರೆ ಕ್ಲಿನಿಕ್‌ನಲ್ಲಿ ಯಾರೂ ಈ ವಿಷಯ ಬಿಡಿಸಿ ಹೇಳುವುದಿಲ್ಲ ಅನ್ನುವುದು ನನ್ನ ಬೇಸರ. ಕೇಳಿದರೆ "ತಪ್ಪು ಮಾಹಿತಿ" ಅಂತ ಬಾಯಿ ಮುಚ್ಚಿಸುತ್ತಾರೆ. ಇಷ್ಟು ವರ್ಷದ ಅಧ್ಯಯನಗಳಿವೆ, ಅವನ್ನು ಜನರ ಮುಂದಿಟ್ಟು ಮಾತಾಡಿದರೆ ನಂಬಿಕೆ ಜಾಸ್ತಿಯೇ ಆಗುತ್ತದೆ. ಪ್ರತಿ ವರ್ಷ ಚುಚ್ಚಿಸಬೇಕಾಗದ, ಹೆಚ್ಚು ಕಾಲ ನಿಲ್ಲುವ ಲಸಿಕೆ ಬೇಕು ಅಂತ ಕೇಳುವ ಹಕ್ಕೂ ನಮಗಿದೆ.

ಸುಮಾ, ವೈರಾಲಜಿ ಲ್ಯಾಬ್

ಆ ಬೇಸರ ನನಗೂ ಇದೆ ರಾಘು ಅವರೇ. ಫ್ಲೂ ವೈರಸ್‌ನ ಬದಲಾಗದ ಭಾಗವನ್ನು ಗುರಿಯಾಗಿಸುವ ಲಸಿಕೆಗಳ ಮೇಲೆ ಬಹಳ ಲ್ಯಾಬ್‌ಗಳು ಕೆಲಸ ಮಾಡುತ್ತಿವೆ. ಅಲ್ಲಿಯವರೆಗೆ ಕೈಯಲ್ಲಿರುವುದನ್ನೇ ಸರಿಯಾಗಿ ಬಳಸಬೇಕು.

ನೋವೈ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಯಜಮಾನರಿಗೂ ಓದಿಸಿದೆ. ಮಕ್ಕಳಿಬ್ಬರಿಗೂ ನಮಗೂ ಅಕ್ಟೋಬರ್ ಮೊದಲ ವಾರ ಹಾಕಿಸುತ್ತೇವೆ. ಮಾವ ಬಂದು ಸ್ವಲ್ಪ ಸುಧಾರಿಸಿಕೊಂಡ ಮೇಲೆ ಹೈ ಡೋಸ್. ಅತ್ತೆಯವರನ್ನು ಒಪ್ಪಿಸುವ ಕೆಲಸ ಮಗಳಿಗೆ ಒಪ್ಪಿಸಿದ್ದೇನೆ, ಅವಳ ಮಾತನ್ನು ಅವರು ತೆಗೆದುಹಾಕುವುದಿಲ್ಲ. ಶೈಲಾ, ಕೊನೆಯದಾಗಿ ಒಂದು: ಮಗನಿಗೆ ಮೊಟ್ಟೆ ತಿಂದರೆ ಮೈಮೇಲೆ ದದ್ದು ಏಳುತ್ತದೆ. ತೊಂದರೆ ಇಲ್ಲ ತಾನೇ?

ಟ್ರಾಯ್ ಶೈಲಾ, ನರ್ಸ್

ತೊಂದರೆ ಇಲ್ಲ. ಮೊಟ್ಟೆ ಅಲರ್ಜಿ ಇದ್ದವರಿಗೆ ಬೇರೆ ವಿಶೇಷ ಎಚ್ಚರಿಕೆ ಬೇಕಿಲ್ಲ ಅಂತ 2023-24ರಿಂದ ಇಲ್ಲಿನ ನಿಯಮ, ಮಾಮೂಲಿ ಲಸಿಕೆಯನ್ನೇ ಕೊಡಬಹುದು. ಹೋದ ಸಲದ ಫ್ಲೂ ಶಾಟ್‌ಗೇ ಜೋರು ಅಲರ್ಜಿ ಆಗಿದ್ದರೆ ಮಾತ್ರ ಮೊದಲೇ ಡಾಕ್ಟರ್‌ಗೆ ಹೇಳಬೇಕು. ಅಪಾಯಿಂಟ್‌ಮೆಂಟ್ ಸಂಜೆ ತೆಗೆದುಕೊಳ್ಳಿ, ಕೈ ನೋವಿದ್ದರೂ ಮಗು ರಾತ್ರಿ ನಿದ್ದೆ ಮಾಡಿ ಎದ್ದು ಆಟಕ್ಕೆ ಹೋಗುತ್ತದೆ.